ಹಾರಿದರೂ ಸೇನೆ ಸೇರದ ಕೊಮ್ಯಾಂಚಿ

ಮಕ್ಕಳೇ, ಹಿಡಿದ ಕೆಲಸವನ್ನು ಮುಗಿಸಲೇಬೇಕು ಎಂದು ಹಿರಿಯರು ಹೇಳುವುದನ್ನು ನೀವು ಕೇಳಿದ್ದೀರಿ. ಅರ್ಧದಲ್ಲಿ ನಿಲ್ಲಿಸುವುದೇ ಜಾಣತನವಾಗುವ ಸಂದರ್ಭವೂ ಉಂಟೇ? ಅಮೆರಿಕದ ಒಂದು ಹೆಲಿಕಾಪ್ಟರಿನ ಕಥೆಯಿಂದ ಇದನ್ನು ತಿಳಿಯೋಣ.

ಯೋಜನೆಯ ಹುಟ್ಟು

1980ರ ದಶಕದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಶೀತಲ ಸಮರ ನಡೆದಿತ್ತು. ಶತ್ರುಸೇನೆ ಎಲ್ಲಿದೆ ಎಂದು ಕಣ್ಣಿಗೆ ಬೀಳದೆ ನೋಡಿ ಬರುವ ಹೊಸ ಹೆಲಿಕಾಪ್ಟರ್ ಬೇಕೆಂದು ಅಮೆರಿಕದ ಭೂಸೇನೆ ಬಯಸಿತು. 1991ರಲ್ಲಿ ಬೋಯಿಂಗ್ ಮತ್ತು ಸಿಕೋರ್ಸ್ಕಿ ಕಂಪನಿಗಳ ಜೋಡಿಗೆ ಈ ಕೆಲಸ ಸಿಕ್ಕಿತು. ಮೂಲನಿವಾಸಿ ಜನಾಂಗಗಳ ಹೆಸರಿಡುವ ರೂಢಿಯಂತೆ ಇದಕ್ಕೆ 'ಕೊಮ್ಯಾಂಚಿ' ಎಂದು ಹೆಸರಾಯಿತು.

ರಾಡಾರ್ ರೇಡಿಯೋ ಅಲೆಗಳನ್ನು ಕಳುಹಿಸಿ, ವಸ್ತುವಿಗೆ ಬಡಿದು ಮರಳುವ ಅಲೆಗಳನ್ನು ಹಿಡಿಯುತ್ತದೆ. ಕೊಮ್ಯಾಂಚಿಯ ಓರೆಯಾದ ಮೈ ಆ ಅಲೆಗಳನ್ನು ಬೇರೆ ದಿಕ್ಕಿಗೆ ಚದುರಿಸುತ್ತಿತ್ತು. ಕ್ಷಿಪಣಿಗಳು ಹೊಟ್ಟೆಯೊಳಗೆ ಅಡಗಿರುತ್ತಿದ್ದವು. 1996ರ ಜನವರಿ 4ರಂದು ಅದು ಮೊದಲ ಬಾರಿ ಹಾರಿತು.

ನಿಲ್ಲಿಸಿದ್ದೇಕೆ?

ಅಷ್ಟರಲ್ಲಿ ಕಾಲ ಬದಲಾಗಿತ್ತು. 1991ರಲ್ಲೇ ಸೋವಿಯತ್ ಒಕ್ಕೂಟ ಒಡೆದುಹೋಗಿತ್ತು. ಮೊದಲು ಸುಮಾರು 5,000 ಹೆಲಿಕಾಪ್ಟರ್ ಬೇಕೆಂದಿದ್ದ ಸೇನೆ 2002ರ ಹೊತ್ತಿಗೆ 650 ಸಾಕೆಂದಿತು. ಸಂಶೋಧನೆಯ ಖರ್ಚು ಮಾತ್ರ ಇಳಿಯಲಿಲ್ಲ. ಹತ್ತು ಜನ ಹಂಚಿಕೊಳ್ಳಬೇಕಾದ ಬಾಡಿಗೆಯನ್ನು ಇಬ್ಬರೇ ಕೊಟ್ಟಂತೆ, ಒಂದೊಂದರ ಬೆಲೆ ಏರುತ್ತಾ ಹೋಯಿತು. ಇತ್ತ ಇರಾಕ್ ಯುದ್ಧದಲ್ಲಿ ಸೈನಿಕರು ಹಾರಿಸುತ್ತಿದ್ದ ಹಳೆಯ ಹೆಲಿಕಾಪ್ಟರುಗಳಿಗೆ ರಕ್ಷಣಾ ಸಾಧನಗಳು ತುರ್ತಾಗಿ ಬೇಕಿದ್ದವು. ನೋಡಿ ಬರುವ ಕೆಲಸವನ್ನು ಪೈಲಟ್ ಇಲ್ಲದ ವಿಮಾನಗಳೂ ಮಾಡತೊಡಗಿದ್ದವು.

2004ರ ಫೆಬ್ರವರಿ 23ರಂದು ಸೇನೆ ಯೋಜನೆಯನ್ನು ಕೈಬಿಟ್ಟಿತು. ಆಗಲೇ ಸುಮಾರು 690 ಕೋಟಿ ಡಾಲರ್ ಖರ್ಚಾಗಿತ್ತು. ತಯಾರಾಗಿದ್ದವು ಎರಡೇ ಹೆಲಿಕಾಪ್ಟರ್! 2011ರವರೆಗೆ 121 ಕೊಮ್ಯಾಂಚಿಗಳಿಗೆಂದು ತೆಗೆದಿಟ್ಟಿದ್ದ 1,460 ಕೋಟಿ ಡಾಲರಿನಿಂದ ಸುಮಾರು 800 ಬೇರೆ ಹೆಲಿಕಾಪ್ಟರ್ ಕೊಂಡು, 1,400 ಹಳೆಯವನ್ನು ಸುಧಾರಿಸಬಹುದೆಂದು ಸೇನೆ ಲೆಕ್ಕ ಹಾಕಿತು.

ನಾವು ಕಲಿಯುವುದೇನು?

ಖರ್ಚಾದ 690 ಕೋಟಿ ಯೋಜನೆ ಮುಂದುವರಿಸಿದರೂ ಮರಳುತ್ತಿರಲಿಲ್ಲ, ನಿಲ್ಲಿಸಿದರೂ ಮರಳುತ್ತಿರಲಿಲ್ಲ. ಇಂಥದ್ದನ್ನು ಅರ್ಥಶಾಸ್ತ್ರದಲ್ಲಿ 'ಮುಳುಗಿದ ವೆಚ್ಚ' ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಇನ್ನು ಮುಂದೆ ಹಾಕುವ ಹಣ ಎಲ್ಲಿ ಹೆಚ್ಚು ಉಪಯೋಗವಾಗುತ್ತದೆ?

ಹಾಗೆಂದು ನಷ್ಟ ಸಣ್ಣದಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಅದರ ಬದಲಿಗೆ ಆರಂಭಿಸಿದ ಯೋಜನೆ 2008ರಲ್ಲಿ ರದ್ದಾಯಿತು. ಅದೇ ಕೆಲಸಕ್ಕೆಂದು ಬಂದ ಇನ್ನೊಂದು, ಸುಮಾರು 200 ಕೋಟಿ ಡಾಲರ್ ನುಂಗಿ, 2024ರಲ್ಲಿ ನಿಂತಿತು. ಆದರೂ ಕಲಿತ ವಿದ್ಯೆ ಪೂರ್ತಿ ವ್ಯರ್ಥವಾಗಲಿಲ್ಲ. ಕೊಮ್ಯಾಂಚಿಗಾಗಿ ರೂಪಿಸಿದ ಎಂಜಿನ್ನಿನ ಮುಂದಿನ ರೂಪ ಬ್ರಿಟನ್ನಿನ ವೈಲ್ಡ್‌ಕ್ಯಾಟ್ ಹೆಲಿಕಾಪ್ಟರನ್ನು ಹಾರಿಸುತ್ತಿದೆ.

ಯೋಚಿಸಿ, ಉತ್ತರಿಸಿ

1. 1,460 ಕೋಟಿಯನ್ನು 121ರಿಂದ ಭಾಗಿಸಿ. ಒಂದು ಕೊಮ್ಯಾಂಚಿಯ ಪಾಲಿಗೆ ಎಷ್ಟು ಬಂತು?
2. ಯೋಜನೆಯನ್ನು 1991ರಲ್ಲೇ ನಿಲ್ಲಿಸಬೇಕಿತ್ತೇ? ತಂದೆತಾಯಿಯರೊಡನೆ ಚರ್ಚಿಸಿ.