ಲಾಗಿನ್ ಪುಟದ ಹಿಂದೆ: ಡಿವೈಸ್ ಬಳಸುತ್ತಾ ಕಲಿತ ಪಾಠಗಳು

ರೂಬಿ ಆನ್ ರೈಲ್ಸ್‌ನಲ್ಲಿ ಕೆಲಸ ಮಾಡುವವರಿಗೆ ಡಿವೈಸ್ ಹೊಸ ಹೆಸರಲ್ಲ. ಬ್ರೆಜಿಲ್‌ನ ಪ್ಲಾಟಾಫಾರ್ಮಾಟೆಕ್ ಎಂಬ ಕಂಪನಿಯವರು 2009ರಲ್ಲಿ ಹೊರತಂದ ಲೈಬ್ರರಿ ಇದು. ಬಳಕೆದಾರರ ಗುರುತು ಹಿಡಿಯುವ ಕೆಲಸವನ್ನು ಅವರು ಹತ್ತು ಮಾಡ್ಯೂಲ್‌ಗಳಾಗಿ ಒಡೆದಿಟ್ಟರು: ಪಾಸ್‌ವರ್ಡ್ ಪರೀಕ್ಷಿಸಲು ಒಂದು, ಮರೆತವರಿಗೆ ಇನ್ನೊಂದು, ಇಮೇಲ್ ಖಾತ್ರಿಗೆ ಮತ್ತೊಂದು, ಗೂಗಲ್ ಮೂಲಕ ಬರುವವರಿಗೆ ಬೇರೆಯೇ ಒಂದು. ಬೇಕಾದವುಗಳನ್ನು ಯೂಸರ್ ಮಾಡೆಲ್‌ನಲ್ಲಿ ಒಂದೇ ಸಾಲಿನಲ್ಲಿ ಹೆಸರಿಸಿದರೆ ಕೆಲಸ ಶುರು. ಆ ಸಾಲು ಬರೆಯಲು ನಿಮಿಷ ಸಾಕು. ಆದರೆ ಅಲ್ಲಿರುವ ಒಂದೊಂದು ಹೆಸರೂ ನಮ್ಮ ಬಳಕೆದಾರರ ಬಗ್ಗೆ ನಾವು ಮಾಡುವ ಒಂದೊಂದು ತೀರ್ಮಾನ. ಬೆಂಗಳೂರಿನಲ್ಲಿ ಕೂತು, ಹೆಚ್ಚಾಗಿ ಜಿಲ್ಲೆ, ತಾಲ್ಲೂಕುಗಳ ಜನ ಬಳಸುವ ಆ್ಯಪ್‌ಗಳಿಗೆ ಇದನ್ನು ಜೋಡಿಸುತ್ತಾ ನಾನು ಕಂಡುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಅಂಕಿಗಳು ಡಿವೈಸ್ 4ರ ಸರಣಿಯವು.

1. ಪ್ರತಿ ಮಾಡ್ಯೂಲಿಗೂ ಉತ್ತರ ಹೇಳುವವರು ಒಬ್ಬರಿರಬೇಕು

ಜನರೇಟರ್ ಓಡಿಸಿದರೆ ಐದು ಮಾಡ್ಯೂಲ್‌ಗಳು ತಾವಾಗಿ ಬಂದು ಕೂರುತ್ತವೆ. ಉಳಿದ ಐದರ ಹೆಸರು ಕಾಮೆಂಟ್‌ನಲ್ಲಿರುತ್ತದೆ. ತಾವಾಗಿ ಬರುವವುಗಳಲ್ಲಿ ರಿಜಿಸ್ಟರಬಲ್ ಕೂಡ ಒಂದು. ಅದಿದ್ದರೆ ಯಾರು ಬೇಕಾದರೂ ಬಂದು ಖಾತೆ ತೆರೆಯಬಹುದು, ತಮ್ಮ ಖಾತೆಯನ್ನು ಅಳಿಸಿಯೂ ಹಾಕಬಹುದು. ಸಹಕಾರ ಸಂಘವೊಂದರ ಸಿಬ್ಬಂದಿ ಮಾತ್ರ ಬಳಸುವ ಆ್ಯಪ್‌ಗೆ ಇದು ಬೇಕಿಲ್ಲ. ಸೈನ್‌ಅಪ್ ಲಿಂಕನ್ನು ಪುಟದಿಂದ ತೆಗೆದುಬಿಟ್ಟರೆ ಆಯಿತು ಎಂದುಕೊಳ್ಳುವವರಿದ್ದಾರೆ. ಲಿಂಕ್ ಹೋದರೂ ರೂಟ್ ತೆರೆದೇ ಇರುತ್ತದೆ, ವಿಳಾಸ ಗೊತ್ತಿದ್ದವರು ನೇರವಾಗಿ ಒಳಗೆ ಬರುತ್ತಾರೆ. ತೆಗೆಯಬೇಕಾದ್ದು ಮಾಡ್ಯೂಲನ್ನು.

ಟ್ರ್ಯಾಕಬಲ್ ಇದಕ್ಕೆ ಇನ್ನೊಂದು ಉದಾಹರಣೆ. ಎಷ್ಟು ಸಲ ಲಾಗಿನ್ ಆದರು, ಯಾವಾಗ, ಯಾವ ಐಪಿ ವಿಳಾಸದಿಂದ ಎಂಬುದನ್ನೆಲ್ಲ ಅದು ಬರೆದಿಡುತ್ತದೆ. ಮೊದಲು ಇದೂ ತಾನಾಗಿಯೇ ಬರುತ್ತಿತ್ತು, ಈಚಿನ ಆವೃತ್ತಿಗಳಲ್ಲಿ ಕೇಳಿದರೆ ಮಾತ್ರ ಬರುತ್ತದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಈ ಐಪಿ ವಿಳಾಸಗಳು ನಿಮಗೆ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಕಾರಣ ಇರಬೇಕು. ಇಲ್ಲವೆಂದರೆ ಆ ಕಾಲಮ್‌ಗಳೇ ಬೇಡ.

2. ಡೀಫಾಲ್ಟ್ ಅಂಕಿಗಳನ್ನು ಬಳಕೆದಾರರ ಜಾಗದಲ್ಲಿ ನಿಂತು ಓದಿ

ಡಿವೈಸ್‌ನ ಇನಿಷಿಯಲೈಸರ್ ಫೈಲು ಉದ್ದದ್ದು, ತುಂಬಾ ಕಾಮೆಂಟ್‌ಗಳು. ಬಹಳ ಜನ ಅದನ್ನು ತೆರೆದು ನೋಡುವುದೇ ಇಲ್ಲ. ಪಾಸ್‌ವರ್ಡ್ ಕನಿಷ್ಠ 6 ಅಕ್ಷರ, ಮರುಹೊಂದಿಸುವ ಲಿಂಕಿನ ಆಯಸ್ಸು 6 ಗಂಟೆ, ‘ನನ್ನನ್ನು ನೆನಪಿಡು’ ಎಂದರೆ 2 ವಾರ, ಟೈಮೌಟಬಲ್ ಹಾಕಿದರೆ 30 ನಿಮಿಷ. ಇವೆಲ್ಲ ಅಲ್ಲೇ ಇವೆ.

ನಾನು ಕೆಲಸ ಮಾಡಿದ ಆ್ಯಪ್‌ಗಳ ಬಳಕೆದಾರರಲ್ಲಿ ಬಹಳಷ್ಟು ಜನ ಸ್ವಂತ ಕಂಪ್ಯೂಟರ್ ಇಲ್ಲದವರು. ಜೆರಾಕ್ಸ್ ಅಂಗಡಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಲಾಗಿನ್ ಆಗಿ, ಅರ್ಜಿ ತುಂಬಿ, ಪ್ರಿಂಟ್ ತೆಗೆದುಕೊಂಡು ಎದ್ದು ಹೋಗುತ್ತಾರೆ. ಲಾಗೌಟ್ ಒತ್ತುವವರು ಕಡಿಮೆ. ಅಂಥ ಕಡೆ ಎರಡು ವಾರ ನೆನಪಿಡುವುದೆಂದರೆ ಮುಂದಿನ ಗಿರಾಕಿಗೆ ಹಿಂದಿನವರ ಖಾತೆ ತೆರೆದು ಕೊಟ್ಟಂತೆ. ಹಾಗಾಗಿ ಅಲ್ಲಿ ರಿಮೆಂಬರಬಲ್ ತೆಗೆದು ಟೈಮೌಟಬಲ್ ಹಾಕುತ್ತೇನೆ. ಆದರೆ ಉದ್ದದ ಅರ್ಜಿ ತುಂಬುವವರು ದಾಖಲೆ ಹುಡುಕುತ್ತಾ ಕೂತರೆ ಅರ್ಧ ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಅದಕ್ಕೆ ತುಂಬಿದಷ್ಟನ್ನು ಕರಡಾಗಿ ಉಳಿಸುವ ವ್ಯವಸ್ಥೆಯನ್ನೂ ಜೊತೆಗೇ ಮಾಡಬೇಕು. ಡಿವೈಸ್ ಅದನ್ನು ಮಾಡಿಕೊಡುವುದಿಲ್ಲ.

3. ಪಾಸ್‌ವರ್ಡ್ ಕನ್ನಡದಲ್ಲಿದ್ದರೆ ಲೆಕ್ಕ ಬದಲಾಗುತ್ತದೆ

ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಡಿವೈಸ್ ಪಾಸ್‌ವರ್ಡನ್ನು ಬಿಕ್ರಿಪ್ಟ್ ಎಂಬ ವಿಧಾನದಲ್ಲಿ ಹ್ಯಾಶ್ ಮಾಡಿ ಇಡುತ್ತದೆ. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್‌ಗಳನ್ನು ಮಾತ್ರ. ಅದರಾಚೆ ಏನಿದ್ದರೂ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆದರೆ ಡಿವೈಸ್‌ನ ವ್ಯಾಲಿಡೇಟಬಲ್ 128 ಅಕ್ಷರಗಳವರೆಗೆ ಒಪ್ಪುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, 72 ದಾಟುವವರು ಅಪರೂಪ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಕಾಗುಣಿತದ ಗುರುತಿಗೂ 3, ಒತ್ತಕ್ಷರ ಮೂಡಿಸುವ ವಿರಾಮಕ್ಕೂ 3. ಅಲ್ಲಿಗೆ 24 ಸಂಕೇತಗಳಿಗೆ ಜಾಗ ಮುಗಿಯಿತು.

ಒಬ್ಬರು ‘ನಮ್ಮೂರ ಕೆರೆ ಏರಿ ಮೇಲೆ ಎರಡು ಆಲದ ಮರ’ ಎಂದು ಪಾಸ್‌ವರ್ಡ್ ಇಟ್ಟುಕೊಂಡರು ಎನ್ನಿ. ನೆನಪಿಡಲು ಸುಲಭ, ಊಹಿಸಲು ಕಷ್ಟ, ಒಳ್ಳೆಯ ಪಾಸ್‌ವರ್ಡೇ. ಬೈಟ್ ಎಣಿಸುತ್ತಾ ಹೋದರೆ ‘ಎರಡು’ ಮುಗಿಯುವಾಗ 67, ಖಾಲಿ ಜಾಗ ಸೇರಿ 68, ‘ಆ’ ಸೇರಿ 71. ‘ಲ’ದ ಮೊದಲ ಬೈಟಿಗೆ 72 ತುಂಬಿತು. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ಒಂದೇ. ಹೀಗಾಗಿ ‘ನಮ್ಮೂರ ಕೆರೆ ಏರಿ ಮೇಲೆ ಎರಡು ಆನೆ’ ಎಂದು ಟೈಪ್ ಮಾಡಿದರೂ ಬಾಗಿಲು ತೆರೆಯುತ್ತದೆ. ರೈಲ್ಸ್ ಕನ್ಸೋಲ್‌ನಲ್ಲಿ ನೀವೇ ಪರೀಕ್ಷಿಸಿ ನೋಡಬಹುದು. ಇದಕ್ಕೆ ಮದ್ದು ಸರಳ: ಅಕ್ಷರ ಎಣಿಸುವ ಬದಲು ಬೈಟ್ ಎಣಿಸುವ ಒಂದು ವ್ಯಾಲಿಡೇಶನ್ ಬರೆದು, 72 ದಾಟಿದರೆ ಬಳಕೆದಾರರಿಗೆ ಸ್ಪಷ್ಟವಾಗಿ ಹೇಳುವುದು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ‘ಮೇ’ ಎಂಬಲ್ಲಿನ ದೀರ್ಘ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಹ್ರಸ್ವ ಏತ್ವ ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ‘ಕೋ’ ಎಂಬಲ್ಲಿನ ದೀರ್ಘ ಓತ್ವ ಮೂರು ತುಂಡಾಗಲೂಬಹುದು. ಪರದೆಯ ಮೇಲೆ ಎಲ್ಲವೂ ಒಂದೇ ತೆರನಾಗಿ ಕಾಣುತ್ತವೆ, ಹ್ಯಾಶ್ ಮಾತ್ರ ಬೇರೆ ಬೇರೆ. ಮನೆಯ ಕಂಪ್ಯೂಟರಿನಲ್ಲಿ ಇಟ್ಟ ಪಾಸ್‌ವರ್ಡ್ ಫೋನಿನ ಕೀಬೋರ್ಡಿನಲ್ಲಿ ‘ತಪ್ಪು’ ಎಂದು ಬಂದರೆ ಬಳಕೆದಾರರು ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ. ಪಾಸ್‌ವರ್ಡ್ ಉಳಿಸುವಾಗಲೂ ಪರೀಕ್ಷಿಸುವಾಗಲೂ ರೂಬಿಯ ಯೂನಿಕೋಡ್ ನಾರ್ಮಲೈಸ್ ಮೆಥಡ್ ಮೂಲಕ ಹಾಯಿಸಿದರೆ ಈ ಭೇದ ಹೋಗುತ್ತದೆ. ಅರ್ಕಾವೊತ್ತು ತಪ್ಪಿಸಲು ಬಳಸುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಮಾತ್ರ ಇದರಲ್ಲಿ ಹೋಗುವುದಿಲ್ಲ. ಅದನ್ನು ಬೇರೆಯಾಗಿಯೇ ತೆಗೆಯಬೇಕು.

ಪಾಸ್‌ವರ್ಡಿಗೆ ಕನ್ನಡ ಬೇಡವೇ ಬೇಡ ಎಂದು ತಡೆಯುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಯೋಚಿಸುವವರಿಗೆ ಕನ್ನಡದ ವಾಕ್ಯವೇ ನೆನಪಿರುತ್ತದೆ.

4. ಇಮೇಲ್ ಇಲ್ಲದವರೂ ಬಳಕೆದಾರರೇ

ಡಿವೈಸ್ ಹುಟ್ಟಿದ್ದು ಎಲ್ಲರಿಗೂ ಇಮೇಲ್ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ. ಇಲ್ಲಿ ಎಲ್ಲರಿಗೂ ಇರುವುದು ಫೋನ್ ನಂಬರ್. ಆಥೆಂಟಿಕೇಶನ್ ಕೀ ಬದಲಿಸುವುದು ಒಂದು ಸಾಲು. ಆದರೂ ವ್ಯಾಲಿಡೇಟಬಲ್ ಇಮೇಲ್ ಕೇಳುತ್ತಲೇ ಇರುತ್ತದೆ, ಮಾಡೆಲ್‌ನಲ್ಲಿ ಎರಡು ಮೆಥಡ್‌ಗಳನ್ನು ಮೇಲುಬರೆದು ಅದನ್ನು ಸುಮ್ಮನಾಗಿಸಬೇಕು. ಓಟಿಪಿ ಬೇಕೆಂದರೆ ಡಿವೈಸ್‌ನ ಕೆಳಗಿರುವ ವಾರ್ಡನ್‌ಗೆ ಒಂದು ಹೊಸ ಸ್ಟ್ರಾಟಜಿ ಬರೆಯುವುದು ಸರಿಯಾದ ದಾರಿ. ಕಂಟ್ರೋಲರ್‌ನಲ್ಲಿ ಓಟಿಪಿ ಹೋಲಿಸಿ ನೇರವಾಗಿ ಸೈನ್‌ಇನ್ ಮಾಡಿಸುವ ಅಡ್ಡದಾರಿ ಬೇಡ. ಆ ಪರೀಕ್ಷೆ ಮುಂದೆ ಎರಡು ಮೂರು ಕಡೆ ಹರಡಿಕೊಳ್ಳುತ್ತದೆ, ಒಂದು ಕಡೆ ಸರಿಪಡಿಸಿದ್ದು ಇನ್ನೊಂದು ಕಡೆ ಹಾಗೇ ಉಳಿಯುತ್ತದೆ.

ಎಸ್‌ಎಂಎಸ್‌ನ ಕಷ್ಟಗಳು ಬೇರೆ. ಸಂದೇಶದ ಟೆಂಪ್ಲೇಟನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಪಠ್ಯ ಅದಕ್ಕೆ ಹೊಂದದಿದ್ದರೆ ಸಂದೇಶ ಹೋಗುವುದಿಲ್ಲ. ಕನ್ನಡದ ಎಸ್‌ಎಂಎಸ್‌ನಲ್ಲಿ ಒಂದು ಸಂದೇಶಕ್ಕೆ 70 ಅಕ್ಷರ, ಇಂಗ್ಲಿಷಿನಲ್ಲಾದರೆ 160. ಆದ್ದರಿಂದ ಕನ್ನಡದ ಓಟಿಪಿ ಸಂದೇಶವನ್ನು ಚುಟುಕಾಗಿ, ಅಂಕಿಯನ್ನು ಮೊದಲಲ್ಲೇ ಇಟ್ಟು ಬರೆಯಿರಿ. ಇನ್ನೊಂದು ಮಾತು: ರದ್ದಾದ ನಂಬರ್ ಕೆಲ ತಿಂಗಳ ನಂತರ ಬೇರೆಯವರ ಕೈಗೆ ಹೋಗುತ್ತದೆ. ಫೋನ್ ನಂಬರನ್ನೇ ಖಾತೆಯ ಗುರುತಾಗಿ ಮಾಡಿದವರು, ಬಹುಕಾಲ ಬಳಸದ ಖಾತೆಗೆ ಬರೀ ಓಟಿಪಿಯಿಂದ ಪ್ರವೇಶ ಕೊಡಬಾರದು.

5. ಬೀಗ ಹಾಕುವ ಮಾಡ್ಯೂಲ್ ಎರಡೂ ಕಡೆಗೆ ಕೆಲಸ ಮಾಡುತ್ತದೆ

ಲಾಕಬಲ್ ಹಾಕಿದರೆ 20 ಸಲ ತಪ್ಪು ಪಾಸ್‌ವರ್ಡ್ ಬಂದ ಮೇಲೆ ಖಾತೆಗೆ ಬೀಗ ಬೀಳುತ್ತದೆ, ಒಂದು ಗಂಟೆಯ ನಂತರವೋ ಇಮೇಲ್‌ನ ಲಿಂಕಿನಿಂದಲೋ ತೆರೆಯುತ್ತದೆ. ಬೇಕೆಂದೇ ಇನ್ನೊಬ್ಬರ ಐಡಿ ಹಾಕಿ, ತಪ್ಪು ಪಾಸ್‌ವರ್ಡ್ ಕೊಡುತ್ತಾ, ಅರ್ಜಿಯ ಕೊನೆಯ ದಿನ ಅವರನ್ನು ಹೊರಗೆ ನಿಲ್ಲಿಸುವುದೂ ಇದರಿಂದ ಸಾಧ್ಯ. ಐಪಿ ನೋಡಿ ತಡೆಯೋಣವೆಂದರೆ ಮೊಬೈಲ್ ಕಂಪನಿಗಳ ಜಾಲದಲ್ಲಿ ಒಂದೇ ಐಪಿಯ ಹಿಂದೆ ಬಹಳ ಜನ ಇರುತ್ತಾರೆ. ನಾನು ಎರಡನ್ನೂ ಸೇರಿಸಿ, ರ್‍ಯಾಕ್ ಅಟ್ಯಾಕ್ ಎಂಬ ಲೈಬ್ರರಿಯಿಂದ ವೇಗ ತಗ್ಗಿಸುತ್ತೇನೆ, ಬೀಗವನ್ನು ಕೊನೆಯ ಅಸ್ತ್ರವಾಗಿ ಇಡುತ್ತೇನೆ.

ಇದರ ಜೊತೆ ಪ್ಯಾರನಾಯ್ಡ್ ಎಂಬ ಆಯ್ಕೆಯನ್ನು ತಪ್ಪದೆ ಆನ್ ಮಾಡಿ. ಈ ಇಮೇಲ್‌ನವರಿಗೆ ಇಲ್ಲಿ ಖಾತೆ ಇದೆಯೋ ಇಲ್ಲವೋ ಎಂಬುದನ್ನು ಲಾಗಿನ್, ಪಾಸ್‌ವರ್ಡ್ ಮರುಹೊಂದಿಕೆಯಂಥ ಪುಟಗಳಲ್ಲಿ ಅದು ಬಿಟ್ಟುಕೊಡುವುದಿಲ್ಲ. ಖಾತೆಯೇ ಇಲ್ಲದಿದ್ದರೂ ಬಂದ ಪಾಸ್‌ವರ್ಡನ್ನು ಒಮ್ಮೆ ಹ್ಯಾಶ್ ಮಾಡುತ್ತದೆ, ಉತ್ತರ ಬರುವ ಸಮಯ ನೋಡಿ ಯಾರೂ ಊಹಿಸಬಾರದೆಂದು. ಈ ಲೈಬ್ರರಿ ಕಟ್ಟಿದವರ ಮೇಲೆ ನನಗೆ ಗೌರವ ಹುಟ್ಟಿದ್ದು ಇಂಥ ಸಾಲುಗಳನ್ನು ಓದಿದಾಗ.

6. ಸೋರ್ಸ್ ಓದಿ, ಆವೃತ್ತಿ ಏರಿಸಿ

ಪಾಸ್‌ವರ್ಡ್ ಬದಲಿಸಿದ ಕೂಡಲೇ ಉಳಿದ ಸಾಧನಗಳಲ್ಲಿ ಲಾಗಿನ್ ತಾನಾಗಿ ಬಿದ್ದುಹೋಗುತ್ತದೆ. ಯಾಕೆಂದರೆ ಡಿವೈಸ್ ಸೆಷನ್‌ನಲ್ಲಿ ಐಡಿಯ ಜೊತೆ ಹ್ಯಾಶ್‌ನ ಮೊದಲ 29 ಅಕ್ಷರಗಳನ್ನೂ ಇಟ್ಟಿರುತ್ತದೆ. ಪಾಸ್‌ವರ್ಡ್ ಬದಲಾದರೆ ಅವು ಹೊಂದುವುದಿಲ್ಲ. ಇದು ಗೊತ್ತಿಲ್ಲದೆ ಮೊಬೈಲ್ ಆ್ಯಪ್‌ಗೆಂದು ಬೇರೆ ಟೋಕನ್ ವ್ಯವಸ್ಥೆ ಕಟ್ಟಿದರೆ ಈ ರಕ್ಷಣೆ ಕಳೆದುಹೋಗುತ್ತದೆ, ಕಳುವಾದ ಫೋನಿನಲ್ಲಿ ಖಾತೆ ತೆರೆದೇ ಉಳಿಯುತ್ತದೆ.

ಒಳ್ಳೆಯ ಲೈಬ್ರರಿಯಲ್ಲೂ ತೂತು ಬೀಳುತ್ತದೆ. 2013ರಲ್ಲಿ ಡಿವೈಸ್‌ನಲ್ಲಿ ಒಂದು ಸಿಕ್ಕಿತು: ಮರುಹೊಂದಿಸುವ ಟೋಕನ್ ಜಾಗದಲ್ಲಿ ಜೇಸನ್ ಮೂಲಕ 0 ಎಂಬ ಸಂಖ್ಯೆ ಕಳಿಸಿದರೆ, ಮೈಎಸ್‌ಕ್ಯೂಎಲ್ ಅಕ್ಷರದಿಂದ ಶುರುವಾಗುವ ಟೋಕನ್‌ಗಳನ್ನೆಲ್ಲ 0ಗೆ ಸಮ ಎಂದು ಲೆಕ್ಕ ಹಾಕುತ್ತಿತ್ತು. ಹಾಗೆ ಇನ್ನೊಬ್ಬರ ಪಾಸ್‌ವರ್ಡ್ ಬದಲಿಸಬಹುದಿತ್ತು. 2019ರಲ್ಲಿ ಲಾಕಬಲ್‌ನ ಎಣಿಕೆಯಲ್ಲಿ ಒಂದು ದೋಷ, ಕನ್ಫರ್ಮಬಲ್‌ನಲ್ಲಿ ಖಾಲಿ ಟೋಕನ್ನಿನ ದೋಷ ಇನ್ನೊಂದು. ಎಲ್ಲಕ್ಕೂ ತಿದ್ದಿದ ಆವೃತ್ತಿ ಬಂತು, ಆದರೆ ಅದು ಉಪಯೋಗಕ್ಕೆ ಬಂದದ್ದು ಏರಿಸಿಕೊಂಡವರಿಗೆ ಮಾತ್ರ. ಇಂಥ ದೋಷವಿರುವ ಆವೃತ್ತಿಗಳನ್ನು ಗುರುತಿಸುವ ಬಂಡ್ಲರ್ ಆಡಿಟ್ ಅನ್ನು ಸಿಐನಲ್ಲಿ ಕಟ್ಟಿಹಾಕಿ.

7. ಯಾರು ಎಂಬುದು ಗೊತ್ತಾದರೆ ಅರ್ಧ ಕೆಲಸ

ಡಿವೈಸ್ ಹೇಳುವುದು ಬಂದವರು ಯಾರು ಎಂದು. ಅವರು ಏನು ಮಾಡಬಹುದು ಎಂಬುದು ನಿಮ್ಮ ಹೊಣೆ. ಅರ್ಜಿಯನ್ನು ಐಡಿಯಿಂದ ನೇರ ಹುಡುಕಬೇಡಿ, ಕರೆಂಟ್ ಯೂಸರ್‌ನ ಅರ್ಜಿಗಳಲ್ಲಿ ಹುಡುಕಿ. ಸೈನ್‌ಅಪ್ ಫಾರ್ಮಿನಿಂದ ಬರುವ ಹೆಚ್ಚುವರಿ ಕಾಲಮ್‌ಗಳಿಗೆ ಅನುಮತಿ ಕೊಡುವಾಗ ಪಾತ್ರ ಅಥವಾ ಹುದ್ದೆಯ ಕಾಲಮ್ ಎಂದೂ ಆ ಪಟ್ಟಿಯಲ್ಲಿ ಇರಕೂಡದು. ಉಳಿದದ್ದಕ್ಕೆ ಪಂಡಿಟ್, ಕ್ಯಾನ್‌ಕ್ಯಾನ್‌ಕ್ಯಾನ್ ಎಂಬ ಲೈಬ್ರರಿಗಳಿವೆ.

8. ಡಿವೈಸ್ ಬೇಡದ ಜಾಗವೂ ಇದೆ

2024ರ ನವೆಂಬರಿನಲ್ಲಿ ಬಂದ ರೈಲ್ಸ್ 8ರಲ್ಲಿ ಲಾಗಿನ್ ಮತ್ತು ಪಾಸ್‌ವರ್ಡ್ ಮರುಹೊಂದಿಕೆಗೆ ಅದರದೇ ಜನರೇಟರ್ ಇದೆ. ಕೋಡ್ ಚಿಕ್ಕದು, ಪೂರ್ತಿ ನಿಮ್ಮ ಪ್ರಾಜೆಕ್ಟಿನೊಳಗೇ ಇರುತ್ತದೆ. ಕಚೇರಿಯ ಒಳಗಿನ ಸಣ್ಣ ಆ್ಯಪ್‌ಗೆ ನಾನು ಈಗ ಅದನ್ನೇ ಆರಿಸುತ್ತೇನೆ. ಸಾರ್ವಜನಿಕರು ತಾವೇ ನೋಂದಾಯಿಸಿಕೊಂಡು, ಇಮೇಲ್ ಖಾತ್ರಿ, ಬೀಗ, ಗೂಗಲ್ ಲಾಗಿನ್ ಎಲ್ಲ ಒಟ್ಟಿಗೆ ಬೇಕಾದಾಗ ಡಿವೈಸ್‌ಗೆ ಸಾಟಿ ಇಲ್ಲ. ಮೊದಲ ರೈಲ್ಸ್ ಆ್ಯಪ್ ಕಟ್ಟುತ್ತಿರುವವರು ಇದನ್ನು ಬಳಸಬೇಡಿ ಎಂದು ಡಿವೈಸ್‌ನ ರೀಡ್‌ಮಿ ಫೈಲೇ ಹೇಳುತ್ತದೆ. ತಂಡಕ್ಕೆ ಹೊಸದಾಗಿ ಸೇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ: ಒಂದು ಸಣ್ಣ ಲಾಗಿನ್ ಅನ್ನು ಮೊದಲು ನಿಮ್ಮ ಕೈಯಾರೆ ಬರೆಯಿರಿ, ಡಿವೈಸ್‌ಗೆ ಆಮೇಲೆ ಬನ್ನಿ.