ಕೈ ನಡೆದಂತೆ ಕಣ್ಣು

ಕಣ್ಣು ಕಂಡುದನ್ನು ಕೈ ಮಾಡುವುದೆಂಬುದು ಲೋಕರೂಢಿ. ಕೈ ಮಾಡಹೊರಟುದನ್ನೇ ಕಣ್ಣು ಕಾಣುವುದೆಂಬುದೂ ಅಷ್ಟೇ ದಿಟ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಸೀಮೆ ರೇಷ್ಮೆಯ ನಾಡು. ಅಲ್ಲಿ ಹುಳುವಿಗೆ ಸೊಪ್ಪು ಹಾಕುವವಳ ಕಣ್ಣಿಗೆ ತಟ್ಟೆಯಲ್ಲಿ ಎಲೆ ತೀರಿದ ಎಡೆ ತೋರುವುದು. ಚಂದ್ರಿಕೆಗೆ ಹುಳು ಆಯುವವಳ ಕಣ್ಣಿಗೆ ಮೈ ಪಾರದರ್ಶಕವಾದ ಹಣ್ಣುಹುಳುವೇ ತೋರುವುದು. ತಟ್ಟೆಯೊಂದೇ, ಕಾಯಕವೆರಡು, ಕಾಣ್ಕೆಯೂ ಎರಡು.

2002ರಲ್ಲಿ ಬೆಕ್ಕರಿಂಗ್, ನೆಗ್ಗರ್ಸ್ ಎಂಬ ವಿದ್ವಾಂಸರು ಪರೀಕ್ಷಿಸಿ ಕಂಡುದೂ ಇದನ್ನೇ. ವಸ್ತುವನ್ನು ಹಿಡಿಯಹೊರಟವರ ದೃಷ್ಟಿಯು, ಬರಿದೆ ಬೆರಳಿಂದ ತೋರಹೊರಟಾಗಿಗಿಂತ, ಅದರ ಓರೆಯನ್ನರಸುವಲ್ಲಿ ಕಡಿಮೆ ತಪ್ಪಿತು, ಬಣ್ಣದಲ್ಲಿ ಭೇದವಿರಲಿಲ್ಲ. ಹಿಡಿಯುವ ಕೈಗೆ ಬೇಕಾದುದು ಓರೆಯೇ ಹೊರತು ಬಣ್ಣವಲ್ಲವಷ್ಟೆ.

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ನೋಡುವುದರ ಮರ್ಮವನ್ನು ಸದ್ಭಕ್ತರು ಈ ಹೋಲಿಕೆಯಿಂದ ಅರಿಯಬಹುದು. ದೃಷ್ಟಿ ನಿಲ್ಲದೆಂದು ಕೊರಗುವವರು ಮೊದಲು ಕೈಯನ್ನು ನಿಲ್ಲಿಸಲಿ. ಹಸಿದವರು ಕಾಣಿಸರೆನ್ನುವ ಗೃಹಸ್ಥರು ಮೊದಲು ದಾಸೋಹಕ್ಕೆ ಕೈಯಿಕ್ಕಲಿ. ನೀಡಹೊರಟ ಕೈಗೆ ಹಸಿದ ಮುಖವನ್ನು ಕಣ್ಣೇ ಅರಸಿಕೊಡುವುದು.