ಮಗುವಿಗೊಂದು ಬೆಚ್ಚನೆಯ ಚೀಲ

ಡಿಸೆಂಬರ್, ಜನವರಿಯಲ್ಲಿ ಸೋಲೂರಿನ ಚಳಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಬೆಳಗ್ಗೆ ಕಂಬಳಿ ಬಿಟ್ಟು ಏಳೋಕೆ ಮನಸ್ಸೇ ಬರಲ್ಲ. ದೊಡ್ಡವರಿಗೇ ಹೀಗೆ. ಇನ್ನು ತಿಂಗಳು ತುಂಬದೆ ಹುಟ್ಟಿದ ಮಗುವಿಗೆ?

ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗಿದರೆ ಅದು ಕಡಿಮೆ ತೂಕದ ಮಗು. ಅದರ ಮೈಯಲ್ಲಿ ಕೊಬ್ಬು ಕಡಿಮೆ. ಶಾಖ ಬೇಗ ಹೋಗಿಬಿಡುತ್ತೆ. ಮೈ ತಣ್ಣಗಾದರೆ ಜೀವಕ್ಕೇ ಅಪಾಯ. ಅದಕ್ಕೇ ದೊಡ್ಡ ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಗಾಜಿನ ಪೆಟ್ಟಿಗೆಯಂಥ ಯಂತ್ರದಲ್ಲಿ ಮಲಗಿಸುತ್ತಾರೆ. ಅದರ ಹೆಸರು ಇನ್‌ಕ್ಯುಬೇಟರ್. ಬೆಲೆ ಲಕ್ಷಗಟ್ಟಲೆ. ಕರೆಂಟೂ ಬೇಕು.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳಿಗೆ ಪಾಠದ ಭಾಗವಾಗಿ ಒಂದು ಕೆಲಸ ಬಂತು. ತೀರಾ ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ಮಾಡಬೇಕು. ರಾಹುಲ್ ಪಣಿಕ್ಕರ್, ಜೇನ್ ಚೆನ್, ನಾಗಾನಂದ ಮೂರ್ತಿ, ಲೈನಸ್ ಲಿಯಾಂಗ್ ಆ ತಂಡದವರು. ಮೊದಲು ನೇಪಾಳದ ಆಸ್ಪತ್ರೆಗೆ ಹೋಗಿ ನೋಡಿದರು. ಅಲ್ಲಿ ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು! ಮಕ್ಕಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಪೆಟ್ಟಿಗೆಯ ಬೆಲೆ ಇಳಿಸಿ ಏನು ಬಂತು? ಹಳ್ಳಿಯಲ್ಲೂ ನಡೆಯುವಂಥದ್ದು ಬೇಕಿತ್ತು.

ಅವರು ಒಂದು ಪುಟ್ಟ ಚೀಲ ಮಾಡಿದರು. ಮಗುವನ್ನು ಅದರೊಳಗೆ ಮಲಗಿಸಬೇಕು. ಬೆನ್ನಿನ ಕಡೆ ಮೇಣದಂಥ ವಸ್ತು ತುಂಬಿದ ಪೊಟ್ಟಣ. ಚಳಿಗೆ ತುಪ್ಪ ಗಟ್ಟಿಯಾಗುತ್ತೆ, ಬಿಸಿಗೆ ಕರಗುತ್ತೆ ಅಲ್ವಾ? ಇದೂ ಹಾಗೇ. ಒಮ್ಮೆ ಕಾಯಿಸಿ ಕರಗಿಸಿದರೆ ಮತ್ತೆ ನಿಧಾನವಾಗಿ ಗಟ್ಟಿಯಾಗುತ್ತೆ. ಗಟ್ಟಿಯಾಗುವಾಗ ಶಾಖ ಬಿಡುತ್ತಾ ಹೋಗುತ್ತೆ. ಹೀಗೆ 4ರಿಂದ 6 ಗಂಟೆ ಹೊತ್ತು 37 ಡಿಗ್ರಿ ಶಾಖ ನಿಲ್ಲುತ್ತೆ. ನಮ್ಮ ಮೈಯ ಶಾಖವೂ ಹೆಚ್ಚುಕಡಿಮೆ ಅಷ್ಟೇ.

ಓದು ಮುಗಿದ ಮೇಲೆ ತಂಡ ಬೆಂಗಳೂರಿಗೆ ಬಂತು. ಚೀಲವನ್ನು ಹಳ್ಳಿಗಳಿಗೆ ಒಯ್ದು ತೋರಿಸಿದರು. ನನಗೆ ತುಂಬಾ ಹಿಡಿಸಿದ್ದು ಮುಂದಿನ ಸಂಗತಿ. ಚೀಲದ ಮೇಲೆ ಶಾಖ ತೋರಿಸುವ ಅಂಕಿ ಇತ್ತು. 37ಕ್ಕೆ ಇಡಿ ಅಂದರೆ ಒಬ್ಬ ತಾಯಿ ಒಪ್ಪಲಿಲ್ಲ. ಇಂಗ್ಲಿಷ್ ಔಷಧಿ ಖಾರ, ಡಾಕ್ಟರ್ ಒಂದು ಚಮಚ ಅಂದರೆ ತಾನು ಅರ್ಧ ಚಮಚ ಕೊಡುವವಳು, ಹಾಗಾಗಿ ಇದನ್ನೂ 30ಕ್ಕೇ ಇಡ್ತೀನಿ ಅಂದಳು. ಅವಳು ದಡ್ಡಿಯಲ್ಲ. ಮಗುವಿನ ಮೇಲಿನ ಕಾಳಜಿಯಿಂದಲೇ ಹಾಗಂದಳು. ಆದರೆ 30ಕ್ಕೆ ಇಟ್ಟರೆ ಮಗು ತಣ್ಣಗಾಗುತ್ತೆ. ತಂಡ ಅಂಕಿಯನ್ನೇ ತೆಗೆದುಹಾಕಿತು. ಶಾಖ ಸರಿ ಇದೆ, ಇಲ್ಲ ಅಂತ ಹೇಳುವ ಗುರುತು ಮಾತ್ರ ಇಟ್ಟಿತು. 2011ರಲ್ಲಿ ಚೀಲ ನಮ್ಮ ದೇಶದಲ್ಲಿ ಬಳಕೆಗೆ ಬಂತು.

ಇದನ್ನು ಓದಿ ಮನೆಯಲ್ಲಿ ಬಿಸಿನೀರಿನ ಬಾಟಲಿ ಇಡಬೇಡಿ. ಮಗುವಿನ ಚರ್ಮ ಸುಡುತ್ತೆ. ತಾಯಿ ಮಗುವನ್ನು ಬರಿಮೈಗೆ ಎದೆಯ ಮೇಲೆ ಒರಗಿಸಿಕೊಂಡು, ಮೇಲೆ ಕಂಬಳಿ ಹೊದ್ದುಕೊಳ್ಳಲಿ. ಮಗುವಿನ ತಲೆಗೆ ಟೋಪಿ ಇರಲಿ, ಮುಖ ಮುಚ್ಚಬಾರದು. 108ಕ್ಕೆ ಫೋನ್ ಮಾಡಿ. ಗಾಡಿಯಲ್ಲಿ ಹೋಗುವಾಗಲೂ ಮಗು ಎದೆಯ ಮೇಲೇ ಇರಲಿ.

ಕೂತು ಮಾತಾಡಿ: ವಿದ್ಯಾರ್ಥಿಗಳು ನಮ್ಮೂರಿಗೆ ಬಂದರೆ ಮೊದಲು ಯಾವ ಕಷ್ಟ ತೋರಿಸುತ್ತೀರಿ? ಅದನ್ನು ಎರಡು ಸಾಲು ಬರೆಯಿರಿ.